ಮೂವತ್ತು ಹೆಜ್ಜೆಯ ಅಂತರ

ಕಳೆದ ತಿಂಗಳು ಬೈಲಹೊಂಗಲದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳ ಎದುರು ಮಾತನಾಡಲು ನನ್ನನ್ನು ಕರೆದಿದ್ದರು. ಒಂದು ತಾಸು ಹಳೆಯ ಕಥೆಗಳನ್ನೆಲ್ಲ ಹೇಳಿದೆ. ಮಕ್ಕಳು ನಕ್ಕರು, ಚಪ್ಪಾಳೆ ತಟ್ಟಿದರು. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಹೊಸದಾಗಿ ಈ ಕೆಲಸಕ್ಕ ಬರೋರು ಮೊದಲ ಯಾವ ಲೆನ್ಸ್ ತಗೋಬೇಕ್ರಿ?” ಎಂದು ಕೇಳಿದಳು.

“ಸಣ್ಣದೊಂದು ಟೆಲಿ ಜೂಮ್ ಇರ್ಲಿ ತಂಗಿ. ಹಗುರ ಇರ್ತೈತಿ, ದೂರದ್ದೆಲ್ಲಾ ಹತ್ತರ ಬರ್ತೈತಿ” ಎಂದೆ. ಅವಳು ಅದನ್ನು ವಹಿಯಲ್ಲಿ ಬರೆದುಕೊಂಡಳು.

ಅಂಥದೇ ಒಂದು ಲೆನ್ಸು ನನ್ನ ಕೈಯಲ್ಲಿದ್ದಾಗ ಏನಾಯಿತು ಎನ್ನುವುದನ್ನು ಆ ಹುಡುಗಿಗೆ ಹೇಳಬೇಕಿತ್ತು. ಅಷ್ಟು ಜನರೆದುರು ಬಾಯಿ ಬರಲಿಲ್ಲ. ಹೇಳಲಾಗದ್ದನ್ನು ಬರೆದಾದರೂ ಇಡೋಣವೆಂದು ಕೂತಿದ್ದೇನೆ.

ನನ್ನ ಹೆಸರು ಈರಣ್ಣ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೂವತ್ನಾಲ್ಕು ವರ್ಷ ಫೋಟೋ ಸ್ಟುಡಿಯೋ ನಡೆಸಿದೆ. ಅದರಲ್ಲಿ ಇಪ್ಪತ್ತು ವರ್ಷ ಒಂದು ಜಿಲ್ಲಾ ಪತ್ರಿಕೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಫೋಟೋಗಳನ್ನು ಕಳಿಸಿದೆ. ಪತ್ರಿಕೆಯ ನೌಕರನಲ್ಲ, ಹೊರಗಿನವನು. ಹಾಗಾಗಿ ನನ್ನ ನಿವೃತ್ತಿಗೆ ಹಾರ, ಶಾಲು ಏನೂ ಇರಲಿಲ್ಲ. ಒಂದು ದಿನ ಕಳಿಸುವುದನ್ನು ನಿಲ್ಲಿಸಿದೆ, ಯಾಕೆಂದು ಯಾರೂ ಕೇಳಲಿಲ್ಲ.

ಈ ಕೆಲಸಕ್ಕೆ ಬಂದ ಹೊಸತರಲ್ಲಿ ನನ್ನ ಹತ್ತಿರ ಇದ್ದದ್ದು ಒಂದು ರೀಲಿನ ಕ್ಯಾಮೆರಾ, ಒಂದೇ ಲೆನ್ಸು. ಆ ಲೆನ್ಸಿಗೆ ಜೂಮ್ ಇರಲಿಲ್ಲ. ಮುಖ ದೊಡ್ಡದಾಗಿ ಬೇಕೆಂದರೆ ಮುಖದ ಹತ್ತಿರ ಹೋಗಬೇಕು. ಆಗ ನಮ್ಮ ಕಡೆ ಸ್ಟುಡಿಯೋದವರಿಗೆ ಹೆಚ್ಚು ಕರೆ ಬರುತ್ತಿದ್ದದ್ದು ಸತ್ತವರ ಮನೆಯಿಂದ. ನಮ್ಮಲ್ಲಿ ಸತ್ತವರನ್ನು ಕೂಡಿಸುವ ಪದ್ಧತಿ. ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿರುತ್ತಿದ್ದರು. ಎಷ್ಟೋ ಮನೆಗಳಲ್ಲಿ ಆ ಮನುಷ್ಯನ ಜೀವಮಾನದ ಮೊದಲ ಫೋಟೋ ಅದೇ ಆಗಿರುತ್ತಿತ್ತು.

ಸಂಪಗಾಂವದ ಒಂದು ಮನೆಗೆ ಮೊದಲ ಸಲ ಹಾಗೆ ಹೋದಾಗ ನನಗೆ ಇಪ್ಪತ್ತಮೂರು ವರ್ಷ. ಹೆಣದ ಸುತ್ತ ಹೆಣ್ಣುಮಕ್ಕಳು ಕೂತು ಅಳುತ್ತಿದ್ದರು. ಒಳಗೆ ಹೋಗಲು ಧೈರ್ಯವಾಗದೆ ಬಾಗಿಲಲ್ಲೇ ನಿಂತು ಕ್ಯಾಮೆರಾ ಎತ್ತಿದೆ. ಸತ್ತವರ ಹೆಂಡತಿ, ಎಪ್ಪತ್ತು ದಾಟಿದ ಮುದುಕಿ, ಅಳು ನಿಲ್ಲಿಸಿ ನನ್ನ ಕಡೆ ನೋಡಿದಳು.

“ಅಲ್ಲಿಂದ ಏನ್ ತೆಗಿತಿ ತಮ್ಮಾ? ಹತ್ತರ ಬಾ. ನಮ್ಮ ಮನಶ್ಯಾರು ಯಾರನ್ನೂ ಏನೂ ಅಂದವ್ರಲ್ಲ, ನಿನಗೂ ಏನೂ ಅನ್ನಂಗಿಲ್ಲ. ಬಾ.”

ಹೋದೆ. ಆಕೆ ತನ್ನ ಸೆರಗಿನಿಂದ ಗಂಡನ ಗಲ್ಲ ಒರೆಸಿ, “ಈಗ ತಗಿ” ಎಂದಳು. ಫ್ಲ್ಯಾಶ್ ಹೊಡೆದಾಗ ಆಕೆಯೇ ಕಣ್ಣು ಮುಚ್ಚಿದಳು. ಚಹಾ ಕುಡಿಸಿ ಕಳಿಸಿದರು. ಹತ್ತಿರ ಹೋಗುವುದೆಂದರೆ ಒಪ್ಪಿಗೆ ಕೇಳುವುದು ಎಂದು ಅಂದು ಆ ಮುದುಕಿಯಿಂದ ಕಲಿತೆ. ಕಲಿತದ್ದನ್ನು ಎಷ್ಟು ದಿನ ಇಟ್ಟುಕೊಂಡೆ ಎನ್ನುವುದು ಬೇರೆ ಮಾತು.

ತಪ್ಪುಗಳೂ ಆಗುತ್ತಿದ್ದವು. ಕಿತ್ತೂರಿನ ಒಂದು ಲಗ್ನದಲ್ಲಿ ಅಕ್ಷತೆಯ ಹೊತ್ತಿಗೆ ರೀಲು ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಸಿಕ್ಕಿರಲೇ ಇಲ್ಲ. ಮೂವತ್ತಾರಕ್ಕೆ ಮುಗಿಯಬೇಕಾದ ರೀಲು ನಲವತ್ತಾದರೂ ಮುಗಿಯಲಿಲ್ಲ. ನಾಲ್ಕು ಫೋಟೋ ಪುಕ್ಕಟೆ ಸಿಕ್ಕವೆಂದು ಹಿಗ್ಗುತ್ತಿದ್ದೆ. ಕತ್ತಲ ಕೋಣೆಯಲ್ಲಿ ತೆರೆದಾಗ ರೀಲು ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. ಮರುದಿನ ಹೆಣ್ಣಿನ ತಂದೆಯ ಮುಂದೆ ಹೋಗಿ ಕೈ ಮುಗಿದು ನಿಂತೆ. ಅವರು ಐದು ನಿಮಿಷ ಬಾಯಿಗೆ ಬಂದಂತೆ ಬೈದರು. ಆಮೇಲೆ, “ಆತು, ಮಂದಿ ಇನ್ನೂ ಮನ್ಯಾಗ ಅದಾರ. ಇನ್ನೊಂದ್ಸಲ ನಿಂದರಸ್ತೇನಿ, ಈ ಸಲ ಬರೋಬ್ಬರಿ ತಗಿ” ಎಂದರು. ಮದುಮಕ್ಕಳು ಮತ್ತೆ ಬಾಸಿಂಗ ಕಟ್ಟಿಕೊಂಡರು. ಬೀಗರು ನಗುತ್ತಾ ಮತ್ತೆ ಅಕ್ಕಿಕಾಳು ಹಾಕಿದರು. ಆ ಆಲ್ಬಮ್ಮಿನಲ್ಲಿ ಎಲ್ಲರ ಮುಖದಲ್ಲೂ ನಗು ಇತ್ತು. ಮಾಡಿದ ತಪ್ಪನ್ನು ಎರಡು ದಿನದಲ್ಲಿ ತಿದ್ದಬಹುದಾಗಿದ್ದ ಕಾಲ ಅದು.

ನೆಗೆಟಿವ್‌ಗಳನ್ನು ಒಂದೂ ಎಸೆಯುತ್ತಿರಲಿಲ್ಲ. ಲಕೋಟೆಯ ಮೇಲೆ ಊರು, ಮನೆತನ, ತಿಂಗಳು ಬರೆದು ಕಬ್ಬಿಣದ ಟ್ರಂಕಿನಲ್ಲಿ ಇಡುತ್ತಿದ್ದೆ. ಕೆಟ್ಟದ್ದು, ಅಲುಗಿದ್ದು, ಕಣ್ಣು ಮುಚ್ಚಿದ್ದು ಎಲ್ಲವೂ ಒಂದೇ ರೀಲಿನ ಪಟ್ಟಿಯಲ್ಲಿ ಉಳಿಯುತ್ತಿತ್ತು. ಉಳಿಸಬೇಕೆಂಬ ಶಾಣ್ಯಾತನದಿಂದಲ್ಲ. ಕೆಟ್ಟದ್ದನ್ನಷ್ಟೇ ಕತ್ತರಿಸಿ ಎಸೆಯಲು ಬರುತ್ತಿರಲಿಲ್ಲ, ಅಷ್ಟೆ.

ಪತ್ರಿಕೆಗೆ ಫೋಟೋ ಕಳಿಸಲು ಶುರು ಮಾಡಿದ ಮೇಲೆ ನನಗೊಬ್ಬ ಮೇಲಧಿಕಾರಿ ಸಿಕ್ಕರು, ಪತ್ರಿಕೆಯ ಬೆಳಗಾವಿ ಕಚೇರಿಯಲ್ಲಿ ಕೂಡುತ್ತಿದ್ದ ಇನಾಮದಾರ ಸರ್. ಬುದ್ಧಿವಂತ, ಮುಂಗೋಪಿ. ಸುದ್ದಿಯಾಗಲಿ ಫೋಟೋ ಆಗಲಿ, ಮನುಷ್ಯನ ಮುಖ ಇಲ್ಲದಿದ್ದರೆ ಅವರು ಮುಟ್ಟುತ್ತಿರಲಿಲ್ಲ. ರಾಮದುರ್ಗದಲ್ಲಿ ಮಲಪ್ರಭೆಯ ನೀರು ಓಣಿಗಳಿಗೆ ನುಗ್ಗಿದ ವರ್ಷ ನಾನು ಎತ್ತರದ ದಂಡೆಯ ಮೇಲೆ ನಿಂತು, ಮಾಳಿಗೆ ಹತ್ತಿ ಕೂತ ಜನರನ್ನು ತೆಗೆದು ಕಳಿಸಿದೆ. ನೀರಿನ ಆಚೆ ಹೋಗಲು ದಾರಿಯೇ ಇರಲಿಲ್ಲ. ಅವರ ಫೋನು ಬಂತು.

“ಏನ್ರಿ ಈರಣ್ಣ, ಇರಿವಿ ಫೋಟೋ ಕಳಿಸೀರಿ?”

“ಸರ್, ಅವು ಇರಿವಿ ಅಲ್ರಿ, ಮಂದಿ.”

“ನಿಮಗ ಮಂದಿ ಇರಬೇಕು. ಓದೋರಿಗೆ ಇರಿವೀನ. ಮುಖ ಬೇಕ್ರಿ ನನಗ, ಮುಖ!”

ಮರುದಿನ ಬೇರೆ ಊರಿನವನೊಬ್ಬ ತೆಗೆದ ಫೋಟೋ ಮೊದಲ ಪುಟದಲ್ಲಿ ಬಂತು. ಅವನ ಹತ್ತಿರ ದೊಡ್ಡ ಟೆಲಿ ಲೆನ್ಸಿತ್ತು. ಮಾಳಿಗೆಯ ಮೇಲಿನ ಹೆಂಗಸೊಬ್ಬಳ ಮುಖ, ಕಣ್ಣಲ್ಲಿ ನೀರು, ಎಲ್ಲ ಕಾಣುತ್ತಿತ್ತು. ಅವತ್ತು ನನಗಾದ ಹೊಟ್ಟೆಕಿಚ್ಚನ್ನು ಇವತ್ತಿಗೂ ಮರೆತಿಲ್ಲ.

ಆಮೇಲೆ ನಾನೂ ಒಂದು ದೊಡ್ಡ ಲೆನ್ಸು ತಂದೆ. ಒಂದು ಮೊಳ ಉದ್ದ, ಕಲ್ಲಿನಂಥ ತೂಕ. ಹತ್ತು ವರ್ಷ ಅದನ್ನು ಕೊರಳಿಗೆ ಹಾಕಿಕೊಂಡು ತಿರುಗಿದ್ದಕ್ಕೆ ಬಲಗಡೆಯ ಭುಜ ಇವತ್ತಿಗೂ ಮೇಲೆ ಏಳುವುದಿಲ್ಲ. ಆದರೆ ಆ ಲೆನ್ಸಿನಲ್ಲಿ ಒಂದು ಗುಣವಿತ್ತು. ಅದನ್ನು ಎತ್ತಿದರೆ ಇಡೀ ಸಂತೆಗೆ ಕಾಣುತ್ತಿತ್ತು. ಜನ ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಬೇಡವಾದವರು ಮುಖ ತಿರುಗಿಸುತ್ತಿದ್ದರು. ಶಟರಿನ ಸದ್ದಿಗೆ ಹಕ್ಕಿ ಹಾರುತ್ತಿತ್ತು.

ಡಾಕ್ಟರು ಆ ಭಾರ ಹೊರಬೇಡಿ ಎಂದ ಮೇಲೆ, ವೃತ್ತಿಯ ಕೊನೆಯ ವರ್ಷಗಳಲ್ಲಿ, ಮಿರರ್‌ಲೆಸ್ ಕ್ಯಾಮೆರಾ ಮತ್ತು ಅದಕ್ಕೊಪ್ಪುವ ಸಣ್ಣ ಟೆಲಿ ಜೂಮ್ ತೆಗೆದುಕೊಂಡೆ. ಒಳಗೆ ಕನ್ನಡಿ ಇಲ್ಲದ್ದರಿಂದ ಕ್ಯಾಮೆರಾವೇ ಅಂಗೈಯಷ್ಟು. ಲೆನ್ಸು ಅರ್ಧ ಲೀಟರಿನ ನೀರಿನ ಬಾಟಲಿಗಿಂತ ಗಿಡ್ಡ. ಜುಬ್ಬಾದ ಕಿಸೆಯಲ್ಲಿ ಹಿಡಿಸುತ್ತಿತ್ತು. ಕೈ ನಡುಗಿದರೂ ಚಿತ್ರ ನಡುಗುವುದಿಲ್ಲ. ಸದ್ದು ಬೇಡವೆಂದರೆ ಶಟರಿನ ಸದ್ದೂ ಇಲ್ಲ. ಮೊದಲ ದಿನ ಮನೆಯ ಮಾಳಿಗೆ ಮೇಲೆ ನಿಂತು ನಾಲ್ಕು ಮನೆ ಆಚೆ ಅಕ್ಕಿ ಆರಿಸುತ್ತಿದ್ದ ಹೆಣ್ಣುಮಗಳ ಬೆರಳುಗಳನ್ನು ತೆಗೆದೆ. ಆಕೆಗೆ ಗೊತ್ತೇ ಆಗಲಿಲ್ಲ. ನನ್ನ ಹೆಂಡತಿ ಪರದೆಯಲ್ಲಿ ಅದನ್ನು ನೋಡಿ, “ಇದು ಛಲೋ ಅಲ್ಲ ನೋಡ್ರಿ, ಕದ್ದು ನೋಡಿದಂಗ ಆಗ್ತೈತಿ” ಎಂದಳು. ನಾನು ನಕ್ಕುಬಿಟ್ಟೆ.

ಇಂಥ ಲೆನ್ಸಿನ ಇನ್ನೊಂದು ಗುಣವನ್ನು ಹೊಸಬರು ತಿಳಿದಿರಬೇಕು. ದೂರ ನಿಂತು ಅದರಲ್ಲಿ ನೋಡಿದರೆ ಹಿಂದಿನದು, ಮುಂದಿನದು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಸವದತ್ತಿಯ ಕೋಟೆಗೂ ಅದರ ಮುಂದೆ ಬಹಳ ದೂರದಲ್ಲಿ ಹೋಗುತ್ತಿದ್ದ ಚಕ್ಕಡಿಗೂ ನಡುವಿನ ಹೊಲಗಳೆಲ್ಲ ಮಾಯವಾಗಿ, ಚಕ್ಕಡಿ ಕೋಟೆಯ ಗೋಡೆಯನ್ನೇ ಒರೆಸಿಕೊಂಡು ಹೋದಂತೆ ಬಂದಿತ್ತು ಒಂದು ಫೋಟೋ. ಇನಾಮದಾರ ಸರ್ ಅದನ್ನು ಅರ್ಧ ಪುಟ ಹಾಕಿ, ಮೊದಲ ಬಾರಿಗೆ ನನ್ನನ್ನು ಹೊಗಳಿದರು. ಆಮೇಲೆ ಎಲ್ಲಿ ಹೋದರೂ ಹಾಗೆ ಅಂಟಿಕೊಳ್ಳುವಂಥದ್ದೇನಾದರೂ ಸಿಗುತ್ತದೆಯೇ ಎಂದು ಹುಡುಕುವ ಚಟ ಹತ್ತಿತು.

ಒಂದು ಮಳೆಗಾಲ ಸವದತ್ತಿ ಹತ್ತಿರದ ನವಿಲುತೀರ್ಥದ ಡ್ಯಾಮಿಗೆ ಒಳ್ಳೆಯ ನೀರು ಬಂದಿತ್ತು. ಭಾನುವಾರ ನೋಡಲು ಜನ ಸೇರಿದ್ದರು. ನಾನು ರಸ್ತೆಯ ತಿರುವಿನಲ್ಲಿ, ಮರದ ಕೆಳಗೆ, ಜನರಿಂದ ಬಹಳ ದೂರ ನಿಂತಿದ್ದೆ. ಕಟಕಟೆಯ ಗುಂಟ ಜನ ಸಾಲಾಗಿ ನಿಂತು ನೀರು ನೋಡುತ್ತಿದ್ದರು. ಒಬ್ಬ ಹುಡುಗಿ, ಇಪ್ಪತ್ನಾಲ್ಕೋ ಇಪ್ಪತ್ತೈದೋ ಇರಬಹುದು, ಕೆಂಪು ಛತ್ರಿ ಹಿಡಿದು ಒಬ್ಬಳೇ ನಿಂತಿದ್ದಳು. ನೀರಿನ ಹನಿ ಮುಖಕ್ಕೆ ಸಿಡಿದು ನಗುತ್ತಿದ್ದಳು. ಅವಳಿಂದ ಸುಮಾರು ಮೂವತ್ತು ಹೆಜ್ಜೆ ಆಚೆ ಒಬ್ಬ ಗಂಡಸು ಅದೇ ಕಟಕಟೆಗೆ ಒರಗಿ ನಿಂತಿದ್ದ. ನಾನು ನಿಂತ ಕಡೆಯಿಂದ ಇಬ್ಬರೂ ಒಂದೇ ಗೆರೆಯಲ್ಲಿ ಬರುತ್ತಿದ್ದರು.

ಜೂಮ್ ತಿರುಗಿಸಿದೆ. ಮೂವತ್ತು ಹೆಜ್ಜೆ ಕರಗಿಹೋಯಿತು. ಆತ ಅವಳ ಬೆನ್ನಿಗೇ ನಿಂತಂತಿದ್ದ. ಆತ ಆಗಾಗ ಕೈ ಚಾಚಿ ತನ್ನ ಕಡೆಯವರಿಗೆ ನೀರು ತೋರಿಸುತ್ತಿದ್ದ. ಕೈ ಚಾಚಿದಾಗ ಅವಳ ಹೆಗಲ ಮೇಲೆ ಇಟ್ಟಂತೆಯೇ ಕಾಣುತ್ತಿತ್ತು. ಅದು ಹೆಗಲ ಮೇಲೆ ಇಲ್ಲ ಎನ್ನುವುದು ನನ್ನ ಬರಿಗಣ್ಣಿಗೆ ಗೊತ್ತಿತ್ತು. ಆದರೂ ಆ ಕೈ ಮತ್ತೊಮ್ಮೆ ಏಳಲಿ ಎಂದು ಕಾದೆ. ಅವಳು ನಗಬೇಕು, ಅದೇ ಹೊತ್ತಿಗೆ ಆತ ಕೈ ಚಾಚಬೇಕು. ಹತ್ತು ನಿಮಿಷವಾದರೂ ಕಾದಿರಬೇಕು. ಎರಡೂ ಕೂಡಿ ಬಂದ ಕ್ಷಣ ಒತ್ತಿದೆ. ಸದ್ದಾಗಲಿಲ್ಲ.

ಅಲ್ಲಿಯೇ ಮರದ ಕೆಳಗೆ ಕೂತು ಆ ಒಂದನ್ನು ಆರಿಸಿ ಫೋನಿಗೆ ತೆಗೆದುಕೊಂಡೆ. “ನವಿಲುತೀರ್ಥಕ್ಕೆ ಪ್ರವಾಸಿಗರ ದಂಡು” ಎಂದು ಬರೆದು ಬೆಳಗಾವಿಗೆ ಕಳಿಸಿದೆ. ಕಾರ್ಡಿನಲ್ಲಿ ಜಾಗವಾಗಲೆಂದು ಉಳಿದ ನಲವತ್ತು ಐವತ್ತು ಫೋಟೋಗಳನ್ನು ಒಂದೇ ಗುಂಡಿ ಒತ್ತಿ ಅಳಿಸಿದೆ. ಮರುದಿನ ಅದೇ ಕಾರ್ಡನ್ನು ಒಂದು ಲಗ್ನಕ್ಕೆ ತುಂಬಿದೆ.

ಪತ್ರಿಕೆಯಲ್ಲಿ ಫೋಟೋ ನನ್ನ ಹೆಸರಿನೊಂದಿಗೆ ಮೂರನೇ ಪುಟದಲ್ಲಿ ಬಂತು. ಅಕ್ಕಪಕ್ಕದ ಜನರನ್ನೆಲ್ಲ ಕತ್ತರಿಸಿ ಇಬ್ಬರನ್ನೇ ಉಳಿಸಿದ್ದರು. ಕೆಳಗೆ ಪುಟ ಜೋಡಿಸುವ ಡೆಸ್ಕಿನವರು ಬೇರೆಯೇ ಸಾಲು ಬರೆದಿದ್ದರು: “ತುಂತುರಿನಲ್ಲಿ ಯುವಜೋಡಿಯ ಸಂಭ್ರಮ.” ನೋಡಿದೆ. ಆ ಸಾಲನ್ನು ಎರಡು ಸಲ ಓದಿದೆ. ಆದರೂ ಫೋಟೋ ಚೆನ್ನಾಗಿ ಬಂದಿದೆ ಎಂದುಕೊಂಡು ಪತ್ರಿಕೆ ಮಡಚಿಟ್ಟೆ.

ನಾಲ್ಕನೆಯ ದಿನ ಮಧ್ಯಾಹ್ನ ಸ್ಟುಡಿಯೋಗೆ ಒಬ್ಬ ಹುಡುಗಿ ಬಂದಳು. ಹಿಂದೆ ಅವಳ ತಂದೆ. ಒಳಗೆ ಬಂದವಳೇ ಮಡಚಿದ ಪತ್ರಿಕೆಯನ್ನು ಗಾಜಿನ ಮೇಜಿನ ಮೇಲೆ ಬಿಡಿಸಿಟ್ಟಳು. ಛತ್ರಿ ಇರಲಿಲ್ಲ, ನಗುವೂ ಇರಲಿಲ್ಲ, ಹಾಗಾಗಿ ಗುರುತು ಹತ್ತಲು ಹೊತ್ತು ಹಿಡಿಯಿತು.

“ಕಾಕಾರ, ಇದನ್ನ ತೆಗದವ್ರು ನೀವs ಹೌದಲ್ರಿ?”

“ಹೌದು ತಂಗಿ.”

ಅವಳು ಆ ಗಂಡಸಿನ ಮುಖದ ಮೇಲೆ ಬೆರಳಿಟ್ಟಳು. “ಹಂಗಾರ ಹೇಳ್ರಿ, ಇಂವ ಯಾರು? ಮೂರು ದಿನಾ ಆತು, ಎಲ್ಲಾರೂ ನನ್ನs ಕೇಳಾಕತ್ತಾರ. ನನಗ ಗೊತ್ತಿಲ್ಲ. ನಿಮಗರೆ ಗೊತ್ತಿರಬೇಕಲ್ಲ?”

ಅವಳ ಹೆಸರು ಸಾವಿತ್ರಿ. ಮುರಗೋಡದವಳು. ಸವದತ್ತಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಆ ಭಾನುವಾರ ಜೊತೆಯ ಕೆಲಸದಾಕೆಯೊಂದಿಗೆ ಡ್ಯಾಮಿಗೆ ಹೋಗಿದ್ದಳು. ಗೆಳತಿ ಸುಟ್ಟ ಗೋವಿನಜೋಳದ ತೆನೆ ತರಲು ಹೋದಾಗ ಒಬ್ಬಳೇ ನಿಂತಿದ್ದಳು. ರಾಮದುರ್ಗದ ಸೀರೆ ವ್ಯಾಪಾರಿಗಳ ಮನೆಯ ಹುಡುಗನೊಂದಿಗೆ ಅವಳ ಲಗ್ನ ಗಟ್ಟಿಯಾಗಿ ಎರಡು ತಿಂಗಳಾಗಿತ್ತು. ಯಾರೋ ಪತ್ರಿಕೆಯ ಪುಟವನ್ನು ಮೊಬೈಲಿನಲ್ಲಿ ತೆಗೆದು ವಾಟ್ಸಾಪಿಗೆ ಹಾಕಿದ್ದರು. ಮುರಗೋಡದಿಂದ ರಾಮದುರ್ಗಕ್ಕೆ ಅದು ಹೋಗಲು ಒಂದು ಬೆಳಗು ಸಾಕಾಗಿತ್ತು. ಲಗ್ನ ಬೇಡವೆಂದು ಬೀಗರು ಹೇಳಿಕಳಿಸಿದ್ದರು.

ತಂದೆ ಚನ್ನಬಸಪ್ಪ, ಪೋಸ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಾಗಿಲ ಹತ್ತಿರ ನಿಂತಿದ್ದವರು ಮುಂದೆ ಬಂದು, “ನಿಮ್ಮ ಹಂತೇಕ ಬ್ಯಾರೆ ಫೋಟೋ ಇರ್ಬೇಕಲ್ರಿ, ಅದರ ಹಿಂದು ಮುಂದು ತೆಗದದ್ದು? ಅದರಾಗ ಅಂವ ಎಲ್ಲಿದ್ದ ಕಾಣತೈತಿ. ಅದನ್ನೊಂದು ಕೊಡ್ರಿ, ಸಾಕು” ಎಂದರು.

ನಾನು ಕಂಪ್ಯೂಟರಿನ ಮುಂದೆ ಕೂತು ಹುಡುಕುವಂತೆ ಮಾಡಿದೆ. ಇಲ್ಲವೆಂದು ನನಗೆ ಗೊತ್ತಿತ್ತು. ಅವರ ಬೆನ್ನ ಹಿಂದಿದ್ದ ಟ್ರಂಕಿನಲ್ಲಿ ನಲವತ್ತು ಊರುಗಳ ಸತ್ತವರ ನೆಗೆಟಿವ್‌ಗಳಿದ್ದವು. ಬದುಕಿರುವ ಈ ಹುಡುಗಿಗೆ ಬೇಕಾದ ಒಂದು ಫೋಟೋ ಇರಲಿಲ್ಲ.

“ಅಳಿಸೇನ್ರಿ” ಎಂದೆ.

ಚನ್ನಬಸಪ್ಪನವರಿಗೆ ಅರ್ಥವಾಗಲಿಲ್ಲ. “ಯಾಕ ಅಳಿಸಿದ್ರಿ?” ಎಂದು ಮಾತ್ರ ಕೇಳಿದರು.

ಇನಾಮದಾರ ಸರ್‌ಗೆ ಫೋನು ಮಾಡಿದೆ. ಇಬ್ಬರೂ ಒಬ್ಬರಿಗೊಬ್ಬರು ಗುರುತಿಲ್ಲದವರು, ಲೆನ್ಸಿನಿಂದಾಗಿ ಹಾಗೆ ಕಂಡಿದೆ ಎಂದು ನಾಳೆಯೇ ಅದೇ ಪುಟದಲ್ಲಿ ಹಾಕಿರಿ ಎಂದು ಬೇಡಿಕೊಂಡೆ.

“ನಾವು ಹೆಸರು ಬರದೇವೇನ್ರಿ? ಊರು ಬರದೇವೇನು? ಈಗ ಸ್ಪಷ್ಟೀಕರಣ ಅಂತ ಹಾಕಿದ್ರ, ನೋಡದಿದ್ದವ್ರೂ ಹುಡುಕಿ ನೋಡ್ತಾರ.”

“ಸರ್, ಹುಡುಗಿ ಲಗ್ನ ಮುರದೈತ್ರಿ.”

ಅವರು ದನಿ ತಗ್ಗಿಸಿ, “ನಿಮಗ ಅಲ್ಲೇ ಕಾಣತಿತ್ತು, ಕಳಿಸಿದ್ರಿ. ಡೆಸ್ಕಿನ ಹುಡುಗರಿಗೆ ಏನು ಕಾಣತೈತಿ? ಫೋಟೋದಾಗ ಇದ್ದದ್ದನ್ನ ಬರದಾರ” ಎಂದರು. ಸಿಟ್ಟಿನ ಮನುಷ್ಯ ಸಿಟ್ಟಿಲ್ಲದೆ ಆಡಿದ ಮಾತು ಅದು. ಅದಕ್ಕೇ ಆಳಕ್ಕೆ ಹೋಯಿತು. ಒಂದು ವಾರದ ನಂತರ ಆರನೇ ಪುಟದ ತಳದಲ್ಲಿ ಎರಡು ಸಾಲು ಬಂದವು. ಫೋಟೋ ಇರಲಿಲ್ಲ. ಅವನ್ನು ಓದಿದ ಒಬ್ಬರನ್ನೂ ನಾನು ಇದುವರೆಗೆ ಭೇಟಿಯಾಗಿಲ್ಲ.

ಉಳಿದದ್ದು ಒಂದೇ ದಾರಿ, ಆ ಗಂಡಸನ್ನು ಹುಡುಕುವುದು. ನಾಲ್ಕು ಸಲ ಡ್ಯಾಮಿಗೆ ಹೋದೆ. ತೆನೆ ಸುಡುವ ಹೆಣ್ಣುಮಗಳು ಪತ್ರಿಕೆ ನೋಡಿ, “ಇವ್ರು ಕಿತ್ತೂರವರ್ರಿ. ಗಾಡಿ ಮ್ಯಾಲ ಪಂಪ್‌ಸೆಟ್ ರಿಪೇರಿ, ಕಿತ್ತೂರು ಅಂತ ಬರದಿತ್ತು. ಹೇಣ್ತಿ, ಕೂಸು ಕೂಡ ಇದ್ರು, ಎರಡು ತೆನಿ ತಗೊಂಡ್ರು” ಎಂದಳು. ಕಿತ್ತೂರಿನಲ್ಲಿ ಆತನ ಅಂಗಡಿ ಅರ್ಧ ದಿನದಲ್ಲಿ ಸಿಕ್ಕಿತು. ಹೆಸರು ಪ್ರಕಾಶ. ಎದ್ದು ನಿಂತಾಗ ನೋಡುತ್ತೇನೆ, ಆರಡಿ ಆಳು. ಫೋಟೋದಲ್ಲಿ ಆತ ಸಾವಿತ್ರಿಯ ಕಿವಿಯ ಮಟ್ಟಕ್ಕೆ ಬಂದಿದ್ದ. ಹಿಂದೆ ದೂರದಲ್ಲಿದ್ದ ಎನ್ನುವುದಕ್ಕೆ ಆತನ ಎತ್ತರವೇ ಪುರಾವೆಯಾಗಿತ್ತು.

ಆತ ಹೆದರಿದ. “ನಮ್ಮನ್ನ ಯಾಕ ಎಳಿತೀರಿ ಇದರಾಗ? ನನಗ ಪ್ಯಾಪರ್ ಓದೂ ಹವ್ಯಾಸs ಇಲ್ಲ” ಎಂದ. ಆದರೆ ಅವನ ಹೆಂಡತಿ ರೇಣುಕಾ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಬಂದು ಫೋಟೋ ನೋಡಿದಳು. “ಈ ಕೈ ನನಗ ನೀರು ತೋರ್ಸಿದ ಕೈ. ನಾ ಇಲ್ಲೇ ಬಾಜೂ ಇದ್ದೆ, ನನ್ನ ಕತ್ತರಿಸಿ ಒಗದೀರಿ ನೀವು. ನಡೀರಿ, ನಾ ಬರತೇನಿ. ನಾಳೆ ನನ್ನ ತಂಗಿಗೆ ಹಿಂಗಾದ್ರ?” ಎಂದಳು.

ಚನ್ನಬಸಪ್ಪನವರಿಗೆ ತಿಳಿಸಿದೆ. ಅವರು ಹಿಗ್ಗಿದರು. ಸಾವಿತ್ರಿಗೆ ಇದು ಬೇಡವಾಗಿತ್ತು. “ಅವರ ಮನಿಗೆ ಹೋಗಬ್ಯಾಡ್ರಿ ಅಪ್ಪಾ” ಎಂದು ಅವಳು ಹೇಳಿದ್ದು ಫೋನಿನಲ್ಲಿ ನನಗೂ ಕೇಳಿಸಿತ್ತು. ನಾವು ಹೋದೆವು. ಚನ್ನಬಸಪ್ಪ, ಪ್ರಕಾಶ, ಮಗುವನ್ನೆತ್ತಿಕೊಂಡ ರೇಣುಕಾ, ನಾನು. ನನ್ನ ಕಿಸೆಯಲ್ಲಿ ಆ ಲೆನ್ಸು.

ರಾಮದುರ್ಗದ ಆ ಓಣಿಯಲ್ಲಿ ಮಗ್ಗಗಳ ಸದ್ದು. ಹುಡುಗನ ತಂದೆ ಮರ್ಯಾದೆಯಿಂದಲೇ ಕೂಡಿಸಿದರು, ನೀರು ಕೊಟ್ಟರು. ಪ್ರಕಾಶ ಎದ್ದು ನಿಂತು ತನ್ನ ಎತ್ತರ ತೋರಿಸಿದ. ರೇಣುಕಾ ತಾನೆಲ್ಲಿ ನಿಂತಿದ್ದೆ ಎಂದು ಹೇಳಿದಳು. ನಾನು ಅವರನ್ನೆಲ್ಲ ಓಣಿಗೆ ಕರೆದುಕೊಂಡು ಬಂದೆ. ಹುಡುಗನ ತಂದೆಯನ್ನು ಒಂದು ಕಡೆ ನಿಲ್ಲಿಸಿ, ಅವರ ತಮ್ಮನನ್ನು ಮೂವತ್ತು ಹೆಜ್ಜೆ ಎಣಿಸಿ ಹಿಂದೆ ನಿಲ್ಲಿಸಿದೆ. “ಕೈ ಚಾಚ್ರಿ” ಎಂದೆ. ಓಣಿಯ ಆ ತುದಿಗೆ ಹೋಗಿ ಫೋಟೋ ತೆಗೆದು ತಂದು ಪರದೆಯಲ್ಲಿ ತೋರಿಸಿದೆ. ತಮ್ಮನ ಕೈ ಅಣ್ಣನ ಹೆಗಲ ಮೇಲಿತ್ತು. ಜನ ಸೇರಿದರು, ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿದರು. ಲಗ್ನದ ಹುಡುಗ ಬಾಗಿಲಲ್ಲಿದ್ದವನು ಇಳಿದು ಬಂದು ನೋಡಿದ. ಅವನ ಮುಖ ಅರಳಿತು. “ಅಪ್ಪಾ, ನೋಡ್ರಿ!” ಎಂದ.

ತಂದೆ ಮತ್ತೊಮ್ಮೆ ನೋಡಿ ಕ್ಯಾಮೆರಾವನ್ನು ನನ್ನ ಕೈಗಿಟ್ಟರು.

“ಖರೆ ಐತ್ರಿ. ನಿಮ್ಮ ಮಾತು ನೂರಕ್ಕ ನೂರು ಖರೆ. ಹುಡುಗಿದು ಏನೂ ತಪ್ಪಿಲ್ಲ.”

ಚನ್ನಬಸಪ್ಪ ಕೈ ಮುಗಿದರು.

“ಆದ್ರ ಬೀಗರ, ಈ ಓಣ್ಯಾಗ ಇಪ್ಪತ್ತು ಮಂದಿ ಇದನ್ನ ನೋಡಿದ್ರು. ಆ ಫೋಟೋ ನೋಡಿದವ್ರು ಎಷ್ಟು ಮಂದಿ? ಅವ್ರ ಮನಿ ಮನಿಗೆ ಇವರನ್ನೆಲ್ಲಾ ಕರಕೊಂಡು ಹೋಗಿ ಕೈ ಚಾಚಸಾಕ ಆಗತೈತೇನು? ನಾಲ್ಕು ಮಂದಿ ಸಾಕ್ಷಿ ತಂದು ಮದುವಿ ಮಾಡ್ಕೊಂಡ್ರು ಅಂತ ಮಾತು ಉಳಿತೈತಿ. ಆಕೀನ ಬಾಳಾಕ ಬಿಡಂಗಿಲ್ಲ ಮಂದಿ.”

“ಅಪ್ಪಾ...” ಎಂದ ಹುಡುಗ.

“ಒಳಗ ನಡಿ” ಎಂದರು ತಂದೆ. ಅವನು ಒಳಗೆ ಹೋದ.

ಬಸ್ಸಿನಲ್ಲಿ ಚನ್ನಬಸಪ್ಪ ಕಿಟಕಿಯ ಕಡೆ ತಿರುಗಿ ಕೂತಿದ್ದರು. ರೇಣುಕಾಳ ಮಗು ಅವರ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಮುರಗೋಡಕ್ಕೆ ಇಳಿಯುವಾಗ ಅವರು ನನಗೆ, “ನಿಮ್ಮ ಕೈಲಿ ಆದಷ್ಟು ಮಾಡಿದ್ರಿ, ಉಪಕಾರ ಆತು” ಎಂದರು. ಬೈದಿದ್ದರೆ ಚೆನ್ನಾಗಿತ್ತು. ಇಡೀ ದಿನ ನಾನು ಎಲ್ಲರಿಗೂ ಲೆನ್ಸಿನ ತಪ್ಪನ್ನು ತೋರಿಸಿದ್ದೆ. ಆ ಕೈಗಾಗಿ ನಾನು ಕಾದು ನಿಂತಿದ್ದೆ ಎನ್ನುವುದನ್ನು ಒಬ್ಬರಿಗೂ ಹೇಳಿರಲಿಲ್ಲ.

ಅದೇ ವರ್ಷ ಆ ಹುಡುಗನ ಲಗ್ನ ಬೇರೆ ಕಡೆ ಆಯಿತು. ನಾನು ಪತ್ರಿಕೆಗೆ ಕಳಿಸುವುದನ್ನು ನಿಲ್ಲಿಸಿದೆ, ಸ್ವಲ್ಪ ದಿನಗಳಲ್ಲಿ ಸ್ಟುಡಿಯೋವನ್ನೂ ಮುಚ್ಚಿದೆ. ಬಿಟ್ಟಿದ್ದರಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ. ಇಂದು ಎಲ್ಲರ ಕಿಸೆಯಲ್ಲೂ ಅಂಥದ್ದೇ ಒಂದು ಇದೆ. ಸದ್ದಿಲ್ಲದೆ ತೆಗೆಯುತ್ತಾರೆ, ಸದ್ದಿಲ್ಲದೆ ಕಳಿಸುತ್ತಾರೆ. ಎಚ್ಚರವಾಗಿರಿ ಎಂದು ಬರೆದರೆ ಯಾರಾದರೂ ಎಚ್ಚರವಾಗುತ್ತಾರೆಂಬ ನಂಬಿಕೆ ನನಗಿಲ್ಲ. ನಾನು ಎಚ್ಚರವಾಗಿಯೇ ಇದ್ದೆ. ಎಚ್ಚರವಾಗಿದ್ದುಕೊಂಡೇ ಆ ಗುಂಡಿ ಒತ್ತಿದೆ.

ಅದಾಗಿ ಎರಡು ವರ್ಷದ ಮೇಲೆ, ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಬೈಲಹೊಂಗಲದಲ್ಲಿ ಹೊಸದಾಗಿ ತೆರೆದ ಲ್ಯಾಬಿಗೆ ಹೋದೆ. ಪರದೆಯ ಹಿಂದೆ ಕುರ್ಚಿಯಲ್ಲಿ ಕೂಡಿಸಿದರು. ಬಂದವಳು ಸಾವಿತ್ರಿ. ಸವದತ್ತಿಯ ಕೆಲಸ ಬಿಟ್ಟು ಇಲ್ಲಿಗೆ ಸೇರಿದ್ದಳೆಂದು ನನಗೆ ತಿಳಿದಿರಲಿಲ್ಲ. ಕೊರಳಲ್ಲಿ ತಾಳಿ ಇರಲಿಲ್ಲ. ಚೀಟಿಯಲ್ಲಿ ನನ್ನ ಹೆಸರು ಓದಿದಳು, ಮುಖ ನೋಡಿದಳು.

“ತೋಳು ಮ್ಯಾಲ ಮಾಡ್ರಿ. ಮುಷ್ಟಿ ಹಿಡೀರಿ.”

ರಬ್ಬರಿನ ಪಟ್ಟಿ ಕಟ್ಟಿ, ಬಾಗಿ, ನರ ಹುಡುಕಿದಳು. ಸೂಜಿ ಒಳಗೆ ಹೋದದ್ದೇ ಗೊತ್ತಾಗಲಿಲ್ಲ.

“ತಂಗಿ...” ಎಂದೆ.

“ಅಲುಗಾಡಬ್ಯಾಡ್ರಿ.” ರಕ್ತ ಶೀಸೆಗೆ ಇಳಿಯುವುದನ್ನೇ ನೋಡುತ್ತಾ ಅವಳು ಕೇಳಿದಳು, “ಒಂದು ಮಾತು ಕೇಳ್ತೇನಿ ಕಾಕಾರ. ಆ ದಿವಸ ನಮ್ಮ ಅಪ್ಪಗ ಲೆನ್ಸಿನ ಬಗ್ಗೆ ಎಲ್ಲಾ ಹೇಳಿದ್ರಿ. ನಾ ಭಾಳ ವಿಚಾರ ಮಾಡೇನಿ. ಅಂವ ಒಂದs ಸವನ ಕೈ ಚಾಚಿ ನಿಂತಿರಾಕ ಸಾಧ್ಯ ಇಲ್ಲ. ಅಂವ ಕೈ ಚಾಚೂತನಕಾ ನೀವು ಕಾದಿದ್ರೇನು?”

ಅವಳ ಮುಖ ಒಂದು ಗೇಣು ದೂರದಲ್ಲಿತ್ತು.

“ಹೌದವ್ವಾ. ಕಾದಿದ್ದೆ.”

ಅವಳು ತಲೆಯಾಡಿಸಿದಳು. ಸೂಜಿ ತೆಗೆದು, ಹತ್ತಿ ಇಟ್ಟು, ನನ್ನ ಬೆರಳನ್ನು ತಂದು ಅದರ ಮೇಲೆ ಒತ್ತಿಸಿದಳು. ಶೀಸೆಯ ಮೇಲೆ ನನ್ನ ಹೆಸರು ಬರೆದಳು.

“ಐದು ನಿಮಿಷ ಒತ್ತಿ ಹಿಡೀರಿ. ಸಂಜಿಗೆ ರಿಪೋರ್ಟ್ ಬರತೈತಿ, ಬಂದು ತಗೊಂಡು ಹೋಗ್ರಿ” ಎಂದು, ಪರದೆ ಸರಿಸಿ ಮುಂದಿನವರನ್ನು ಕರೆದಳು.

ಆ ರಿಪೋರ್ಟ್ ತರಲು ನಾನು ಇನ್ನೂ ಹೋಗಿಲ್ಲ.